ಬೇವು ಕಟ್ಟಿದ ಬಾಗಿಲು, ಜರ್ಮನಿಯ ಟಿಕೆಟ್ಟು

ಜರ್ಮನಿಗೆ ಹೋಗಬೇಕಾಗಿದ್ದವನು ನಾನೊಬ್ಬನೇ. ಆದರೆ ತಯಾರಿ ಮಾತ್ರ ಇಬ್ಬರದೂ ಆಗಬೇಕೆಂದು ನಮ್ಮ ಫೋರ್ಮನ್ ಪಟ್ಟು ಹಿಡಿದರು. "ಒಬ್ಬನ ಹೆಸರೇ ಕಳ್ಸಿ, ಹೊರಡೋ ಹೊತ್ತಿಗೆ ಅವನಿಗೆ ಹೊಟ್ಟೆನೋವು ಬಂತು ಅಂದ್ರೆ ಸೀಟು ಹಾಳಾಗುತ್ತೆ ಕಣಯ್ಯ. ಇನ್ನೊಬ್ಬನ ಪೇಪರ್ರೂ ರೆಡಿ ಇರ್ಲಿ. ಬದಲಿ ಯಾರು ಅಂತ ನೀನೇ ಹೇಳು" ಎಂದರು. ನಾನು ಹಿಂದೆ ಮುಂದೆ ನೋಡದೆ ನನ್ನ ಗೆಳೆಯನ ಹೆಸರು ಹೇಳಿದೆ. ಬೇರೆ ಯಾರ ಹೆಸರೂ ನನ್ನ ತಲೆಗೆ ಬರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಟ್ಯಾಪ್ ತಯಾರಿಸುವ ಫ್ಯಾಕ್ಟರಿ. ಟ್ಯಾಪ್ ಅಂದರೆ ನೀರಿನ ನಲ್ಲಿಯಲ್ಲ. ಲೋಹದ ತೂತಿನೊಳಗೆ ಬೋಲ್ಟು ಕೂರುವಂತೆ ಥ್ರೆಡ್ಡು ಕೊರೆಯುವ ಉಕ್ಕಿನ ಸಾಧನ. ನಮ್ಮ ಮಾವನವರಿಗೆ ಇದನ್ನು ಎಷ್ಟು ಸಲ ವಿವರಿಸಿದರೂ ಅವರು ಬಂಧುಗಳಿಗೆಲ್ಲ ಅಳಿಯ ನಲ್ಲಿ ಫ್ಯಾಕ್ಟರಿಯಲ್ಲಿದ್ದಾನೆ ಎಂದೇ ಹೇಳುತ್ತಿದ್ದರು. ನಾನೂ ಗೆಳೆಯನೂ ಒಂದೇ ದಿನ ಅಪ್ರೆಂಟಿಸ್ ಆಗಿ ಸೇರಿದವರು. ನಾನು ಮಲ್ಲತ್ತಹಳ್ಳಿಯ ಹೊಲಮನೆಯಿಂದ ಬಂದವನು. ಆಗ ಅಲ್ಲಿಂದ ರಾಜಾಜಿನಗರಕ್ಕೆ ಸರಿಯಾದ ಬಸ್ಸಿರಲಿಲ್ಲ. ಮದುವೆಯಾಗುವವರೆಗೂ ನಾನು ಬಾಡಿಗೆ ಕೋಣೆಯಲ್ಲಿ ಮಲಗಿ, ಊಟವನ್ನು ಹೆಚ್ಚುಕಮ್ಮಿ ಗೆಳೆಯನ ಮನೆಯಲ್ಲೇ ಮಾಡುತ್ತಿದ್ದೆ. ಅವನಿಗೆ ತಂದೆ ಇರಲಿಲ್ಲ. ತಾಯಿಯನ್ನು ಅವನು ಅವ್ವ ಎನ್ನುತ್ತಿದ್ದ, ನಾನೂ ಅವ್ವ ಎಂದೇ ಕರೆಯುತ್ತಿದ್ದೆ. ಮದುವೆಯಾದ ಮೇಲೆ ಮನೆ ಮಾಡಿದ್ದೂ ಅವರ ಪಕ್ಕದ ಅಡ್ಡರಸ್ತೆಯಲ್ಲೇ.

ಕಂಪನಿಯವರು ಪಶ್ಚಿಮ ಜರ್ಮನಿಯಿಂದ ಹೊಸ ಥ್ರೆಡ್ ಗ್ರೈಂಡಿಂಗ್ ಮೆಷಿನ್ನಿಗೆ ಆರ್ಡರ್ ಕೊಟ್ಟಿದ್ದರು. ಮೆಷಿನ್ ಮಾಡುವವರು ನಮ್ಮ ಕಡೆಯ ಒಬ್ಬನನ್ನು ಕರೆಸಿಕೊಂಡು ನಾಲ್ಕು ತಿಂಗಳು ಕಲಿಸಿ ಕಳಿಸುತ್ತಾರೆ. ಹೋಗಿಬಂದವನಿಗೆ ಆ ಸೆಕ್ಷನ್ನಿನ ಉಸ್ತುವಾರಿ. ಹಳೆಯ ಮೆಷಿನ್ನಿನ ಮೇಲೆ ಅಷ್ಟೂ ವರ್ಷ ಒದ್ದಾಡಿದವನು ನಾನಾದ್ದರಿಂದ ನನ್ನ ಹೆಸರು ಬಂತು. ಆ ಹಳೆಯ ಮೆಷಿನ್ನಿನ ಕಾಟ ಏನೆಂದು ಹೇಳಲೇಬೇಕು. ಹದ ಹಾಕಿ ಗಟ್ಟಿಯಾದ ಉಕ್ಕಿನ ಮೇಲೆ ತಿರುಗುವ ಕಲ್ಲಿನ ವೀಲು ತಾಗಿಸಿ ಥ್ರೆಡ್ಡು ತೆಗೆಯಬೇಕು. ವೀಲಿನ ಅಂಚನ್ನು ಆಗಾಗ ವಜ್ರದ ಮೊನೆಯಿಂದ ಚೂಪು ಮಾಡಬೇಕು. ಸ್ವಲ್ಪ ಉದಾಸೀನ ಮಾಡಿದರೂ ಥ್ರೆಡ್ಡಿನ ಹಲ್ಲಿನ ತುದಿ ನೀಲಿಗಟ್ಟಿ ಸುಟ್ಟುಹೋಗುತ್ತಿತ್ತು. ಅದನ್ನಾದರೂ ಕಣ್ಣಿನಲ್ಲಿ ಹಿಡಿಯಬಹುದು. ಬೆಳಿಗ್ಗೆ ತೆಗೆದ ಪೀಸು ಅಳತೆ ನೋಡುವ ಗೇಜಿಗೆ ಚೆನ್ನಾಗಿ ಕೂತು, ಊಟವಾದ ಮೇಲೆ ತೆಗೆದದ್ದು ಕೂರದೆ ಹೋಗುವುದು ಮಾತ್ರ ತಲೆನೋವಾಗಿತ್ತು. ಊಟ ಮಾಡಿ ತೂಕಡಿಸುತ್ತೀರಿ ಎಂದು ಮ್ಯಾನೇಜರು ಬೈಯುತ್ತಿದ್ದರು. ಬಿಸಿಲೇರಿದಂತೆ ಎಣ್ಣೆ ಕಾದು, ಮೆಷಿನ್ನಿನ ಉದ್ದನೆಯ ಸ್ಕ್ರೂ ಹಿಗ್ಗಿ, ಥ್ರೆಡ್ಡಿನ ಅಂತರ ಕೂದಲೆಳೆಯಷ್ಟು ತಪ್ಪುತ್ತದೆ ಎಂಬುದು ನನ್ನ ಅನುಮಾನ. ಅದಕ್ಕೆ ಮದ್ದೇನು ಎನ್ನುವುದು ನನಗೆ ಗೊತ್ತಿರಲಿಲ್ಲ. ಜರ್ಮನಿಯಲ್ಲಿ ನಾನು ಕೇಳಬೇಕೆಂದುಕೊಂಡಿದ್ದ ಮೊದಲ ಪ್ರಶ್ನೆ ಅದೇ.

ತಯಾರಿ ಶುರುವಾಯಿತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಮೇಲೆ ಪೊಲೀಸಿನವರು ಮನೆಗೆ ವಿಚಾರಣೆಗೆ ಬಂದರು. ಕಾನ್‌ಸ್ಟೇಬಲ್ ಸೈಕಲ್ ನಿಲ್ಲಿಸಿದ್ದೇ ತಡ, ಬೀದಿಯವರೆಲ್ಲ ನಾನೇನೋ ಕಳ್ಳತನ ಮಾಡಿದ್ದೇನೆಂದು ಬಾಗಿಲಿಗೆ ಬಂದು ನಿಂತರು. ಅಲ್ಲಿಂದ ಅವರು ಗೆಳೆಯನ ಮನೆಗೆ ಹೋದಾಗ ಅವ್ವ ಗಾಬರಿಯಿಂದ, "ನನ್ ಮಗ ಅಂಥೋನಲ್ಲ ಸಾಮಿ" ಎಂದು ಕೈಮುಗಿದಿದ್ದರು. ಅದನ್ನು ಹೇಳಿಕೊಂಡು ನಾವಿಬ್ಬರೂ ವಾರಗಟ್ಟಲೆ ನಕ್ಕೆವು. ವಿದೇಶಿ ಹಣಕ್ಕೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ, ಇನ್‌ಕಂ ಟ್ಯಾಕ್ಸಿನವರ ಸರ್ಟಿಫಿಕೇಟು, ಕಂಪನಿಗೆ ಬರೆದುಕೊಡುವ ಬಾಂಡು, ಎಲ್ಲದಕ್ಕೂ ಇಬ್ಬರೂ ಒಟ್ಟಿಗೆ ಅಲೆದೆವು. ಸಿಡುಬಿನ ಲಸಿಕೆಯನ್ನೂ ಒಂದೇ ದಿನ ಹಾಕಿಸಿಕೊಂಡೆವು. ಅದಿಲ್ಲದೆ ಯಾವ ದೇಶದವರೂ ಒಳಗೆ ಬಿಡುತ್ತಿರಲಿಲ್ಲ. ತೋಳು ಊದಿ, ಇಬ್ಬರೂ ಎಡಗೈ ಎತ್ತಲಾರದೆ ಬರೀ ಬಲಗೈಯಲ್ಲೇ ಕೆಲಸ ಮಾಡಿದೆವು. ಕಾಲರಾ ಸೂಜಿ ಬೇರೆ. ಕಂಪನಿ ಡಾಕ್ಟರು ಲಸಿಕೆಗಳ ಲೆಕ್ಕದ ಹಳದಿ ಪುಸ್ತಕಕ್ಕೆ ಸಹಿ ಹಾಕಿ, "ಹೊರಡೋ ಮುಂಚೆ ಇನ್ನೊಂದ್ಸಲ ನೋಡಿ ಫಿಟ್ ಅಂತ ಬರ್ಕೊಡ್ತೀನಿ, ಅಲ್ಲಿವರೆಗೂ ಜ್ವರಗಿರ ತರಿಸ್ಕೋಬೇಡ್ರಪ್ಪ" ಎಂದರು.

ಸಂಜೆ ಡ್ಯೂಟಿ ಮುಗಿಸಿ ಇಬ್ಬರೂ ಮಲ್ಲೇಶ್ವರಕ್ಕೆ ನಡೆದುಹೋಗಿ, ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಜರ್ಮನ್ ಕಲಿತೆವು. ಗೆಳೆಯನಿಗೆ ಭಾಷೆ ಬೇಗ ಹತ್ತಿತು, ನನಗೆ ಹತ್ತಲಿಲ್ಲ. ಗ್ರೈಂಡಿಂಗ್ ವೀಲಿಗೆ ಶ್ಲೈಫ್‌ಶೈಬೆ ಎನ್ನಬೇಕಂತೆ. ನಾನು ಅದನ್ನು ಹೇಳಿದಾಗಲೆಲ್ಲ ಮೇಷ್ಟ್ರು ಮುಖಕ್ಕೆ ಅಡ್ಡವಾಗಿ ಟವಲು ಹಿಡಿಯುತ್ತಿದ್ದರು. ಭಾನುವಾರ ಅವ್ವನ ಅಡುಗೆಮನೆಯಲ್ಲಿ ಫೋರ್ಕು ಚಾಕುವಿನ ಅಭ್ಯಾಸ. ಚಪಾತಿಯನ್ನು ನಾವು ಕುಯ್ಯುವುದನ್ನು ನೋಡಿ ಅವ್ವ, "ಅದೇನು ಹಲಗೇನಾ, ಗರಗಸ ಆಡಿಸ್ತೀರಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದೇ ಥಾನಿನ ಬಟ್ಟೆಯಲ್ಲಿ ಇಬ್ಬರಿಗೂ ಸೂಟು ಹೊಲಿಸಿದೆವು. ಹಳೆಬಟ್ಟೆ ಬಜಾರಿನಲ್ಲಿ ಹುಡುಕಿ ಒಂದು ದಪ್ಪನೆಯ ಓವರ್‌ಕೋಟು ತಂದು ನನ್ನ ಅಳತೆಗೆ ಬಿಚ್ಚಿ ಹೊಲಿಸಿದೆ. ಅದನ್ನು ತೊಟ್ಟು ನಮ್ಮ ಮನೆಯಲ್ಲಿ ನಿಂತಾಗ ನನ್ನ ನಾಲ್ಕು ವರ್ಷದ ಮಗಳು ಕರಡಿ ಬಂತೆಂದು ಓಡಿದಳು.

ಆ ದಿನಗಳಲ್ಲಿ ಗೆಳೆಯನ ಮನಸ್ಸಿನಲ್ಲಿ ಏನಿತ್ತೋ ನನಗೆ ಇವತ್ತಿಗೂ ತಿಳಿಯದು. "ನಂದೆಲ್ಲ ಸುಮ್ನೆ ದಂಡಕ್ಕೆ ಕಣೋ. ಮದ್ವೆ ಗಂಡಿನ ಪಕ್ಕ ಕೂರಿಸೋ ಹುಡುಗ ನಾನು" ಎಂದು ಅವನು ನಗುತ್ತಿದ್ದ. ನಾನೂ ನಗುತ್ತಿದ್ದೆ. ಸೂಟು ಹೊಲಿಸಿ ಟ್ರಂಕಿನಲ್ಲಿಡುವವನ ಕಷ್ಟ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಾನು ಸೀಟು ಬಿಟ್ಟುಕೊಡುತ್ತಿರಲಿಲ್ಲ, ಅದು ಬೇರೆ ಮಾತು.

ಹೊರಡುವ ದಿನ ಗೊತ್ತಾಯಿತು. ಬೊಂಬಾಯಿಗೆ ರೈಲು, ಅಲ್ಲಿಂದ ವಿಮಾನ. ಇನ್ನು ಎರಡು ವಾರವಿದೆ ಎನ್ನುವಾಗ ಮಗಳಿಗೆ ಜ್ವರ ಬಂತು. ಮಾರನೆಯ ದಿನ ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ ನೀರುಗುಳ್ಳೆ ಎದ್ದವು. ನನ್ನ ಹೆಂಡತಿ ಅವ್ವನನ್ನು ಕರೆತಂದಳು. ಅವ್ವ ಮಗುವಿನ ಲಂಗ ಎತ್ತಿ ನೋಡಿದವರೇ ಕೈಮುಗಿದು, "ಅಮ್ಮ ಬಂದವ್ಳೆ" ಎಂದರು. ನಮ್ಮಲ್ಲಿ ಆ ಕಾಯಿಲೆಯ ಹೆಸರು ಎತ್ತುವುದಿಲ್ಲ. ಸಣ್ಣದಾಗಲಿ ದೊಡ್ಡದಾಗಲಿ, ಮಾರಮ್ಮ ಮನೆಗೆ ಬಂದಿದ್ದಾಳೆ ಎಂದೇ ಹೇಳುವುದು. ಇದು ಸೀತಾಳೆ, ಸಿಡುಬಿನಂತೆ ಪ್ರಾಣ ತೆಗೆಯುವಂಥದ್ದಲ್ಲ ಎಂದು ಗುಳ್ಳೆ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ನನಗೇ ಚಿಕ್ಕಂದಿನಲ್ಲಿ ಆಗಿತ್ತು, ಮತ್ತೆ ಅಂಟುವ ಭಯವೂ ಇರಲಿಲ್ಲ.

ಅವ್ವ ತಾವೇ ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟಿದರು. ಮಗುವನ್ನು ಬೇವಿನ ಎಲೆಯ ಮೇಲೆ ಮಲಗಿಸಿದರು. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ, ನಾನು ಗಡ್ಡ ಬೋಳಿಸುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಅವ್ವ ಹೊರಗಿನವರಲ್ಲವಾದ್ದರಿಂದ ದಿನವೂ ಬಂದು ಮಗುವಿನ ಪಕ್ಕ ಕೂತು ಬೇವಿನ ಗೊಂಚಲಿನಿಂದ ಬೀಸುತ್ತಿದ್ದರು. "ನೀರು ಹಾಕಿ ತಾಯೀನ ಕಳ್ಸಿಕೊಡೋವರ್ಗೂ ಯಜಮಾನ ಊರು ಬಿಡಬಾರ್ದು ಕಣಪ್ಪ" ಎಂದರು. ಹೀಗೆ ಮೂರು ಸಲ ನೀರು ಹಾಕಬೇಕು, ಮೂರನೆಯದು ಬೀಳುವುದು ನಾನು ರೈಲು ಹತ್ತಬೇಕಾದ ದಿನಕ್ಕೆ ಸ್ವಲ್ಪ ಆಚೆ ಹೋಗುತ್ತಿತ್ತು. ಆದರೂ ಮಗು ಗೆಲುವಾಗಿದ್ದರೆ ಅವ್ವನ ಕೈಕಾಲು ಹಿಡಿದಾದರೂ ಹೊರಟೇಬಿಡುವುದು ಎಂದು ಒಳಗೊಳಗೇ ತೀರ್ಮಾನ ಮಾಡಿಕೊಂಡೆ.

ಆ ಸಂಜೆ ಗೆಳೆಯ ಗೇಟಿನ ಹೊರಗೆ ನಿಂತು ವಿಚಾರಿಸಿದ. ಕಂಪನಿಗೆ ತಿಳಿಸುತ್ತೇನೆ, ನೀನು ಬರಬೇಡ ಎಂದು ಅವನೇ ಹೇಳಿಹೋದ. ನಮ್ಮಿಬ್ಬರ ಮನೆಯಲ್ಲೂ ಫೋನಿರಲಿಲ್ಲ. ಅವನೇ ನನ್ನ ಫೋನು, ಅವನೇ ನನ್ನ ಟಪಾಲು.

ಮಾರನೆಯ ಸಂಜೆ ಅವನು ಮತ್ತೆ ಬಂದ. ಅಷ್ಟು ಹೊತ್ತಿಗೆ ನಾನು, ಬೀದಿ ಕೊನೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರನ್ನು ಕರೆಸಿ ಮಗುವನ್ನು ಒಮ್ಮೆ ತೋರಿಸಿಬಿಡೋಣ ಎಂದು ಹೆಂಡತಿಗೆ ಹೇಳುತ್ತಿದ್ದೆ. ಅವ್ವ ಕೂಡ, "ಬಂದು ನೋಡ್ಕಂಡು ಹೋಗ್ಲಿ ಬಿಡು. ಸೂಜಿ ಚುಚ್ಚಿಸ್ಬೇಡ, ಅಷ್ಟೆ" ಎಂದಿದ್ದರು. ಗೇಟಿನ ಬಳಿ ಹೋಗಿ ಗೆಳೆಯನಿಗೆ ಇದನ್ನು ಹೇಳಿದೆ.

"ಬೇಡ ಕಣೋ" ಎಂದ. "ಅಮ್ಮ ಮನೇಲಿರೋವಾಗ ಡಾಕ್ಟರ್ ಕಾಲಿಡಬಾರ್ದು. ನಾಳೆ ಮಗೂಗೆ ಕಣ್ಣೋ ಮೂಗೋ ಹೋದ್ರೆ ಜರ್ಮನಿ ತಗೊಂಡು ಏನ್ಮಾಡ್ತೀಯ?"

"ಕಂಪ್ನೀಲಿ ಏನಂದ್ರು?"

"ಗಾಬರಿ ಬಿದ್ದವ್ರೆ. ಉತ್ತರದ ಕಡೆ ಸಿಡುಬು ಎದ್ದಿದೆಯಲ್ಲ, ಪೇಪರಲ್ಲಿ ಬರ್ತಾ ಇದೆ. ನೀನು ಈಗ ಮುಖ ತೋರಿಸ್ಬೇಡ. ಜಾಸ್ತಿ ಗಲಾಟೆ ಆದ್ರೆ ಟ್ರೈನಿಂಗೇ ಕ್ಯಾನ್ಸಲ್ ಅಂತಾರೆ. ಸುಮ್ನಿರು, ನಾನು ನೋಡ್ಕೋತೀನಿ."

ಅವನು ದೇವರು ದಿಂಡರನ್ನು ನಂಬಿದವನೇ ಅಲ್ಲ. ಮಾರಮ್ಮನ ಗುಡಿಯ ತಂಬಿಟ್ಟಿನ ಆಸೆಗೆ ಮಾತ್ರ ಕೈಮುಗಿಯುತ್ತೇನೆ ಎನ್ನುತ್ತಿದ್ದ. ಅಂಥವನು ಹೆತ್ತ ತಾಯಿಗಿಂತ ಹೆಚ್ಚು ಮಡಿ ಹೇಳುತ್ತಿದ್ದಾನಲ್ಲ ಎಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮಗಳ ಕಣ್ಣಿನ ಮಾತು ಎತ್ತಿದ ತಕ್ಷಣ ನನ್ನ ಬುದ್ಧಿಯೆಲ್ಲ ಮಂಕಾಯಿತು. ಡಾಕ್ಟರನ್ನು ಕರೆಸುವ ಮಾತನ್ನು ಅಲ್ಲಿಗೇ ಬಿಟ್ಟೆ.

ದಿನಗಳು ಹೀಗೇ ಕಳೆದವು. ಗುಳ್ಳೆಗಳು ಒಣಗುತ್ತಾ ಬಂದು ಮಗಳು ಎದ್ದು ಕೂತು ಕತೆ ಕೇಳುವಂತಾದಳು. ನಾನು ಮನೆಯೊಳಗೇ ಕೂತು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದು ತಿದ್ದಿದೆ. ಜರ್ಮನಿಯಲ್ಲಿ ತೋರಿಸಲೆಂದು ಮೊದಲೇ ತಂದಿಟ್ಟಿದ್ದ ಸುಟ್ಟ ಹಲ್ಲಿನ ಟ್ಯಾಪು, ಅಂತರ ತಪ್ಪಿದ ಟ್ಯಾಪು, ಎಲ್ಲಕ್ಕೂ ಎಣ್ಣೆಕಾಗದ ಸುತ್ತಿ, ಯಾವುದು ಯಾವ ಹೊತ್ತಿನಲ್ಲಿ ತೆಗೆದದ್ದೆಂದು ಗುರುತು ಹಾಕಿದೆ. ಗೆಳೆಯ ಪ್ರತಿ ಸಂಜೆ ಗೇಟಿನ ಬಳಿ ಬರುತ್ತಿದ್ದ. ಏನೂ ತೀರ್ಮಾನವಾಗಿಲ್ಲ ಎನ್ನುತ್ತಿದ್ದ. ಕೊನೆಗೆ ಒಂದು ದಿನ, ಮುಖ ಸಪ್ಪೆ ಮಾಡಿಕೊಂಡು, "ಈ ಸಲ ನನ್ನ ಕಳ್ಸಿ, ಮುಂದಿನ ಬ್ಯಾಚಿಗೆ ನಿನ್ನ ಕಳ್ಸೋ ಮಾತು ಆಡ್ತಾವ್ರೆ. ಫೋರ್ಮನ್ ನಿನ್ನ ಕೇಳೋಕೆ ಬರ್ತಾರೆ. ನೀನು ಹಠ ಹಿಡಿದ್ರೆ ಇಬ್ರಿಗೂ ಇಲ್ಲ. ಯೋಚ್ನೆ ಮಾಡು ಗುರು" ಎಂದ.

ನನಗೆ ಅಳು ಬಂತು. ಅವನೆದುರೇ ಅತ್ತೆ. ಅವನು ಗೇಟಿನ ಮೇಲಿಂದ ಕೈ ಹಾಕಿ ನನ್ನ ಭುಜ ಹಿಡಿದುಕೊಂಡ.

ಫೋರ್ಮನ್ ಮಾರನೆಯ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಬಂದರು. ಬಾಗಿಲಿನ ಬೇವು ನೋಡಿ ಚಪ್ಪಲಿ ಬಿಟ್ಟು ರಸ್ತೆಯಲ್ಲೇ ನಿಂತು ಕೈಮುಗಿದರು. ನಮ್ಮ ಮಾತು ನಡೆದದ್ದು ಅಷ್ಟು ದೂರದಿಂದ.

"ಮಗು ಹೆಂಗಿದೆಯಪ್ಪ?"

"ಪರವಾಗಿಲ್ಲ ಸಾರ್. ಗುಳ್ಳೆ ಒಣಗ್ತಾ ಇವೆ."

"ಡಾಕ್ಟರಿಗೆ ತೋರ್ಸೋಕೆ ಆಗಲ್ಲ ಅಂದ್ಯಂತೆ?"

"ಅಮ್ಮ ಇರೋವಾಗ ಹೆಂಗೆ ಸಾರ್ ತೋರ್ಸೋದು?"

ಅವರು ತಲೆಯಾಡಿಸಿದರು. "ಅದೂ ಸರಿ ಬಿಡು. ನಮ್ಮನೇಲೂ ಹಂಗೇ. ಮತ್ತೆ ಏನ್ಮಾಡೋಣ ಹೇಳು. ನಾಳೆ ಹೆಸರು ಕೊಡ್ಬೇಕು."

ಅವರು ಕೇಳಿದ್ದು ಒಂದು, ನಾನು ತಿಳಿದುಕೊಂಡದ್ದು ಇನ್ನೊಂದು ಎಂದು ಆಗ ಹೇಗೆ ಗೊತ್ತಾಗಬೇಕು? ಮಗುವಿನ ಔಷಧಿಯ ಬಗ್ಗೆ ಕೇಳುತ್ತಿದ್ದಾರೆ ಎಂದೇ ನನ್ನ ಎಣಿಕೆ. "ಅವನನ್ನೇ ಕಳ್ಸಿ ಸಾರ್. ನಾನು ಮುಂದಿನ ಸಲ ಹೋಗ್ತೀನಿ" ಎಂದೆ. ಐದು ತಿಂಗಳು ಕಟ್ಟಿದ್ದನ್ನು ನಾನೇ ನನ್ನ ಬಾಯಿಂದ ಕೆಡವಿದೆ. ಮುಂದಿನ ಸಲ ಎಂದಾಗ ಫೋರ್ಮನ್ ಯಾಕೋ ನನ್ನ ಮುಖವನ್ನೇ ನೋಡಿದರು. ಬೇರೇನೂ ಹೇಳದೆ ಚಪ್ಪಲಿ ಮೆಟ್ಟಿ ಹೋದರು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಗೆಳೆಯನನ್ನು ಗೇಟಿನ ಬಳಿ ನಿಲ್ಲಿಸಿಕೊಂಡು, ಒಂದೊಂದು ಟ್ಯಾಪಿನ ಕತೆಯನ್ನೂ ಅವನಿಗೆ ಹೇಳಿಕೊಟ್ಟೆ. ಮಧ್ಯಾಹ್ನದ ಪೀಸುಗಳ ವಿಷಯವನ್ನು ಮೊದಲು ಕೇಳಬೇಕು, ಎಣ್ಣೆಯ ಶಾಖವನ್ನು ಅವರು ಹೇಗೆ ಹಿಡಿತದಲ್ಲಿಡುತ್ತಾರೆ ಎಂದು ಬರೆಸಿಕೊಂಡೇ ಬರಬೇಕು ಎಂದು ಮತ್ತೆ ಮತ್ತೆ ಹೇಳಿದೆ. ಓವರ್‌ಕೋಟು ಕೊಟ್ಟೆ. ಅವನು ನನಗಿಂತ ಸಣ್ಣವನು, ಅದರೊಳಗೆ ಮುಳುಗಿಹೋದ. ಚಳಿಯಲ್ಲಿ ಒಳಗೊಂದು ಸ್ವೆಟರ್ ಹಾಕಿಕೋ ಎಂದೆ. ಅವನು ಹೊರಟ ದಿನ ನಾನು ಸ್ಟೇಷನ್ನಿಗೂ ಹೋಗುವಂತಿರಲಿಲ್ಲ. ಅವನು ಹೋದ ಮೂರು ದಿನಕ್ಕೆ ಅವ್ವ ಮಗಳಿಗೆ ಮೂರನೆಯ ಸಲ ಅರಿಸಿನ ಬೇವಿನ ನೀರು ಹಾಕಿ, ಮಾರಮ್ಮನ ಗುಡಿಗೆ ತಂಬಿಟ್ಟು ಮೊಸರನ್ನ ಕೊಟ್ಟುಬಂದು, ಬಾಗಿಲ ಬೇವು ಬಿಚ್ಚಿದರು.

ಕೆಲಸಕ್ಕೆ ಮರಳುವವನು ಮೊದಲು ಕಂಪನಿ ಡಾಕ್ಟರನ್ನು ಕಂಡು ಬರಬೇಕಿತ್ತು. ಅವರು ನನ್ನ ನಾಲಿಗೆ ನೋಡಿದರು, ನಾಡಿ ನೋಡಿದರು, ಆಮೇಲೆ ಬೈಯಲು ಶುರುಮಾಡಿದರು.

"ಏನಯ್ಯ ಮನುಷ್ಯ ನೀನು? ಒಂದು ಚೀಟಿ ತರೋಕೆ ಏನಾಗಿತ್ತು ನಿಂಗೆ?"

"ಯಾವ ಚೀಟಿ ಸಾರ್?"

"ಯಾವ ಚೀಟೀನಾ? ಇದು ಸೀತಾಳೆ ಅಂತ ಯಾವ ಡಾಕ್ಟರ್ ಹತ್ರ ಆದ್ರೂ ಎರಡು ಸಾಲು ಬರೆಸ್ಕೊಂಡು ಬಾ, ಆ ಕ್ಷಣ ಫಿಟ್ ಅಂತ ಸಹಿ ಹಾಕ್ತೀನಿ ಅಂತ ಮೊದಲನೇ ದಿನಾನೇ ಹೇಳಿ ಕಳ್ಸಿದ್ನಲ್ಲ. ನಿನ್ ಫ್ರೆಂಡೇ ಬಂದು ಹೇಳಿದ್ದು, ಮನೆ ಬಾಗಿಲಿಗೆ ಬೇವು ಕಟ್ಟವ್ರೆ, ಚಿಕ್ಕದೋ ದೊಡ್ಡದೋ ಗೊತ್ತಿಲ್ಲ ಅಂತ. ನಾನೇ ಬಂದು ನೋಡ್ತೀನಿ ಅಂದೆ. ಅವ್ರ ಮನೇಲಿ ಡಾಕ್ಟರನ್ನ ಒಳಗೆ ಬಿಡಲ್ಲ, ಜಗಳ ಆಗುತ್ತೆ ಸಾರ್ ಅಂದ. ದಿನಾ ಕೇಳ್ತಿದ್ದೆ ಅವನ್ನ. ಒಪ್ತಾ ಇಲ್ಲ ಸಾರ್, ಒಪ್ತಾ ಇಲ್ಲ ಸಾರ್, ಇದೇ ಪಾಠ. ಓದಿದೋರೇ ಹಿಂಗಾಡಿದ್ರೆ ಹೆಂಗಯ್ಯ?"

"ಅವನಿಗೆ ಹೆಂಗೆ ಫಿಟ್ ಅಂತ ಕೊಟ್ರಿ ಸಾರ್? ಅವರ ತಾಯೀನೇ ನಮ್ಮ ಮಗು ಪಕ್ಕ ಕೂತಿದ್ದು" ಎಂದೆ.

ಡಾಕ್ಟರು ಕನ್ನಡಕ ತೆಗೆದರು. "ರಸ್ತೇಲಿ ನಿಂತು ಮಾತಾಡಿಸ್ತೀನಿ ಅಷ್ಟೆ, ನಮ್ಮನೆಯವ್ರು ಯಾರೂ ಅವ್ರ ಮನೆ ಒಳಗೆ ಕಾಲಿಟ್ಟಿಲ್ಲ ಅಂತ ಹೇಳಿದ್ನಲ್ಲಯ್ಯ" ಎಂದರು. ಮುಂದಿನ ಬ್ಯಾಚು ಯಾವಾಗ ಎಂದು ಕೇಳಿದೆ. ಅಂಥದ್ದೇನೂ ಇದ್ದಂತೆ ಅವರಿಗೆ ಗೊತ್ತಿರಲಿಲ್ಲ. ಫೋರ್ಮನ್ನರಿಗೂ ಗೊತ್ತಿರಲಿಲ್ಲ. ಒಂದು ಮೆಷಿನ್ನಿಗೆ ಒಬ್ಬನನ್ನೇ ಕರೆಯುವುದು ಎಂದರು ಅವರು.

ಆ ದಿನ ನಾನು ಮೆಷಿನ್ನಿನ ಮುಂದೆ ನಿಂತು ಏನು ಕೆಲಸ ಮಾಡಿದೆನೋ ನೆನಪಿಲ್ಲ. ತೆಗೆದ ಪೀಸುಗಳೆಲ್ಲ ನೀಲಿಗಟ್ಟಿದ್ದವು. ಸಂಜೆ ಮನೆಗೆ ಬಂದರೆ ಅವ್ವ ನನ್ನ ಮಗಳ ತಲೆ ಬಾಚುತ್ತಾ ಕೂತಿದ್ದರು. ಒಂದು ಕಲೆಯೂ ಉಳಿಯದಂತೆ ತಾಯಿ ಕಾಪಾಡಿದಳು ನೋಡು ಎಂದು ಮಗುವಿನ ಮುಖ ತಿರುಗಿಸಿ ತೋರಿಸಿದರು. ನಾನು ಹೇಳಬೇಕೆಂದುಕೊಂಡು ಬಂದದ್ದನ್ನು ಅವರಿಗೆ ಹೇಳಲಿಲ್ಲ. ಹೆಂಡತಿಗೆ ಮಾತ್ರ ಆಮೇಲೆ ಹೇಳಿದೆ. ಅವಳು ನಂಬಲಿಲ್ಲ, ಎಲ್ಲೋ ಏನೋ ತಪ್ಪಾಗಿದೆ, ಅಣ್ಣ ಅಂಥವರಲ್ಲ ಎಂದಳು. ಎರಡನೆಯ ಸಲ ಹೇಳಿದಾಗ ಕೂತಲ್ಲೇ ಕಣ್ಣೀರು ಹಾಕಿದಳು.

ನಾಲ್ಕು ತಿಂಗಳು ಅವ್ವನಿಗೆ ಮಗನ ಕಾಗದ ಓದಿ ಹೇಳಿದವನು ನಾನೇ. ಅವರಿಗೆ ಓದು ಬರುತ್ತಿರಲಿಲ್ಲ. ಬಣ್ಣದ ಚಿತ್ರದ ಕಾರ್ಡು ಬಂದ ದಿನ ಸೆರಗಿನಲ್ಲಿ ಸುತ್ತಿಕೊಂಡು ತರುತ್ತಿದ್ದರು. ಹಿಮ ಬಿದ್ದಿದೆ, ರಸ್ತೆಯೆಲ್ಲ ಬೆಳ್ಳಗಿದೆ, ಓವರ್‌ಕೋಟು ಬೆಚ್ಚಗಿದೆ, ಎಂದು ನಾನು ಓದಬೇಕು. ಅವರು ಇನ್ನೊಂದು ಸಲ ಓದು ಎನ್ನುತ್ತಿದ್ದರು. ನಾನು ಇನ್ನೊಂದು ಸಲ ಓದುತ್ತಿದ್ದೆ. ಹೊಟ್ಟೆಯೊಳಗೆ ಬೆಂಕಿ ಬಿದ್ದಿರುವಾಗ ಹಿಮದ ವಿಷಯ ಓದುವುದು ಎಷ್ಟು ಕಷ್ಟ ಎಂದು ಓದಿದವರಿಗೇ ಗೊತ್ತು. ಕಾರ್ಡಿನ ಕೊನೆಯಲ್ಲಿ ನನಗೂ ಒಂದು ಸಾಲು ಇರುತ್ತಿತ್ತು, ಮಗು ಹೇಗಿದೆ ಎಂದು.

ಅವನು ಬಂದ. ಹಿಂದೆಯೇ ಮೆಷಿನ್ನೂ ಮದರಾಸು ಬಂದರಿನಿಂದ ಲಾರಿಯಲ್ಲಿ ಬಂತು. ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳನ್ನು ನಾವೆಲ್ಲ ಸೇರಿ ಇಳಿಸಿದೆವು. ಅವನು ನೀಲಿ ಕೋಟು ತೊಟ್ಟು ಯಾವ ಪೆಟ್ಟಿಗೆ ಮೊದಲು ಬಿಚ್ಚಬೇಕೆಂದು ಕೈ ತೋರಿಸುತ್ತಿದ್ದ. ಅಡಿಪಾಯದ ಬೋಲ್ಟುಗಳನ್ನು ಬಿಗಿದು, ಮಟ್ಟಗೋಲು ಇಟ್ಟು, ಕಾಗದದಷ್ಟು ತೆಳುವಾದ ತಗಡು ಕೊಟ್ಟು ಮೆಷಿನ್ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ನಾನು ಚೆನ್ನಾಗಿಯೇ ಮಾಡಿದೆ. ಮೆಷಿನ್ನಿನ ಮೇಲೆ ನನಗೇನು ಸಿಟ್ಟು?

ತಾನಾಗಿ ಹೇಳುತ್ತಾನೆ ಎಂದು ಕಾದೆ. ಒಂದು ಸಲ ಬಾಯಿ ಬಿಡಲಿ, ಆಸೆ ಆಯ್ತು ಕಣೋ, ತಡೆಯಕ್ಕಾಗಲಿಲ್ಲ ಎನ್ನಲಿ, ಎರಡು ಏಟು ಹಾಕಿ ಬಿಟ್ಟುಬಿಡುತ್ತೇನೆ ಎಂದುಕೊಂಡಿದ್ದೆ. ಅವನು ನನ್ನ ಮಗಳಿಗೆ ಕಣ್ಣು ಮುಚ್ಚಿ ತೆರೆಯುವ ಬೊಂಬೆ ತಂದಿದ್ದ. ನನ್ನ ಜೊತೆ ಮೊದಲಿನಂತೆಯೇ ಜೋಕು ಮಾಡುತ್ತಿದ್ದ. ಮಧ್ಯಾಹ್ನದ ಪೀಸುಗಳ ವಿಷಯ ಏನಾಯಿತೆಂದು ನಾನೇ ಕೇಳಿದೆ.

"ಓ, ಅದಾ! ಅಲ್ಲಿ ಮೆಷಿನ್ ಶಾಪೇ ಬೆಳಿಗ್ಗೆಯಿಂದ ಸಂಜೆವರ್ಗೂ ಒಂದೇ ತಂಪಲ್ಲಿ ಇರುತ್ತೆ ಮಗಾ. ಮಧ್ಯಾಹ್ನ ಅಂದ್ರೇನು ಅಂತಲೇ ಅವ್ರಿಗೆ ಅರ್ಥ ಆಗ್ಲಿಲ್ಲ" ಎಂದು ನಕ್ಕ. ಎಣ್ಣೆಯ ಬಗ್ಗೆ ಕೇಳಿಯೇ ಇರಲಿಲ್ಲ. ಎಣ್ಣೆಕಾಗದ ಸುತ್ತಿದ ಟ್ಯಾಪುಗಳನ್ನು ತೂಕ ಹೆಚ್ಚಾಯಿತೆಂದು ಬೊಂಬಾಯಿಯಲ್ಲೇ ಬಿಟ್ಟಿದ್ದ. ಅವನು ನನ್ನ ಪ್ರಯಾಣವನ್ನು ಕಸಿದದ್ದಕ್ಕಿಂತ ಆ ಟ್ಯಾಪುಗಳನ್ನು ಬಿಟ್ಟುಹೋದದ್ದು ನನ್ನನ್ನು ಹೆಚ್ಚು ಉರಿಸಿತು. ಹೋಗಿದ್ದೇ ಹೋಗಿದ್ದು, ಹೋದ ಕೆಲಸವನ್ನಾದರೂ ಮಾಡಿಬರಬಾರದೇ?

ಮೆಷಿನ್ ಓಡಲು ಶುರುವಾದ ವಾರ ಅವ್ವ ನಮ್ಮ ಮನೆಯವರನ್ನೂ ಫೋರ್ಮನ್ನರನ್ನೂ ಊಟಕ್ಕೆ ಕರೆದರು. ಬಸ್ಸಾರು, ಮುದ್ದೆ, ಒಬ್ಬಟ್ಟು. ಊಟಕ್ಕೆ ಕೂತಾಗ ಅವ್ವ ಬಡಿಸುವುದನ್ನು ನಿಲ್ಲಿಸಿ ನನ್ನ ಎದುರು ಬಂದು ನಿಂತರು. ಸೌಟು ಇನ್ನೂ ಕೈಯಲ್ಲೇ ಇತ್ತು.

"ಎಲ್ರ ಮುಂದೆ ಹೇಳ್ತೀನಿ ಕಣಪ್ಪ. ನಿನ್ನ ಪಯಣ ತಪ್ಪಿದ್ದು ನನ್ನಿಂದ. ಯಜಮಾನ ಊರು ಬಿಡಬಾರ್ದು ಅಂದೋಳು ನಾನು. ನೀನು ನನ್ ಮಾತು ಮೀರ್ಲಿಲ್ಲ. ಅದ್ರಿಂದ ನನ್ ಮಗನಿಗೆ ಒಳ್ಳೇದಾಯ್ತು, ನಿಂಗೆ ಅನ್ಯಾಯ ಆಯ್ತು. ನಾಲ್ಕು ತಿಂಗ್ಳಿಂದ ಇದೇ ಕೊರಗು ನಂಗೆ. ನೀನು ಕಾಗದ ಓದಿ ಹೇಳೋವಾಗೆಲ್ಲ ನಿನ್ ಮುಖ ನೋಡೋಕಾಗ್ತಿರ್ಲಿಲ್ಲ. ನನ್ನ ಕ್ಷಮಿಸ್ಬಿಡು ಮಗಾ."

ಅಷ್ಟು ವಯಸ್ಸಾದ ಹೆಂಗಸು ನನಗೆ ಕೈಮುಗಿದರು. ನಾನು ಎದುರಿಗೆ ಕೂತಿದ್ದ ಗೆಳೆಯನನ್ನು ನೋಡಿದೆ. ಈಗ ಹೇಳುತ್ತಾನೆ ಎಂದುಕೊಂಡೆ. ತಾಯಿ ಕೈಮುಗಿದು ನಿಂತಿರುವಾಗ ಹೇಳದೆ ಇರುವುದುಂಟೇ? ಅವನು ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದ.

"ನಿಮ್ಮಿಂದಲ್ಲ ಅವ್ವ" ಎಂದೆ.

"ಮತ್ಯಾರಿಂದಪ್ಪ?"

"ನಿಮ್ಮ ಮಗನ್ನ ಕೇಳಿ."

ಎಲೆಯಲ್ಲಿ ಅನ್ನ ಬಿಟ್ಟು ಎದ್ದೆ. ಕೈ ತೊಳೆದು, ಮಗಳನ್ನು ಎತ್ತಿಕೊಂಡು, ಹೆಂಡತಿಯನ್ನು ಕರೆದುಕೊಂಡು ಹೊರಟುಬಂದೆ. ಅವ್ವನ ಮನೆಯಲ್ಲಿ ನಾನು ಎಲೆ ಬಿಟ್ಟು ಎದ್ದದ್ದು ಅದೊಂದೇ ಸಲ.

ಮಾರನೆಯ ದಿನ ಫ್ಯಾಕ್ಟರಿಯಲ್ಲಿ ಅವನು ನನ್ನ ಕಡೆ ನೋಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತಿರುವಾಗ ಅವ್ವ ಗೇಟಿನ ಬಳಿ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಹೊರಗಿನವರ ಹಾಗೆ ರಸ್ತೆಯಲ್ಲೇ ನಿಂತರು.

"ಕೇಳ್ದೆ ಕಣಪ್ಪ" ಎಂದರು.

"ಹೇಳಿದ್ನಾ ಅವ್ವ?"

"ನೀನೇ ಹೆದ್ರಿ ಹಿಂದೆ ಸರ್ದೆ ಅಂದ. ನಿಂಗೆ ಈಗ ಹೊಟ್ಟೆಕಿಚ್ಚು ಅಂದ."

ಡಾಕ್ಟರು, ಚೀಟಿ, ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವ್ವ ಕೈ ಅಡ್ಡ ಮಾಡಿ ತಡೆದರು.

"ನೀನೇನೂ ಹೇಳ್ಬೇಡ. ಚಿಕ್ಕೋನಿದ್ದಾಗಿಂದ್ಲೂ ಅವನು ಸುಳ್ಳು ಹೇಳಿದ ದಿನ ತಲೆ ಬಗ್ಗಿಸ್ಕೊಂಡು ಒಂದು ತುತ್ತು ಜಾಸ್ತಿ ತಿಂತಾನೆ, ನಾನು ಮುಖ ನೋಡ್ದಿರ್ಲಿ ಅಂತ. ನಿನ್ನೆ ನೀನು ಎದ್ದು ಹೋದ್ಮೇಲೆ ನನ್ ಮಗ ಮೂರು ಸಲ ಸಾರು ಹಾಕಿಸ್ಕೊಂಡ."